ನುಣುಪಿಗೆ ತಾಗಿದ ಹುಳಿ

ಅಡುಗೆಕಟ್ಟೆಯ ಕಪ್ಪು ಕಡಪ ಕಲ್ಲಿನ ಮೇಲೆ ನಿಂಬೆಹೋಳನ್ನು ಬೋರಲು ಹಾಕಿ ಮರೆತರೆ ದುಂಡನೆಯ ಬಿಳಚು ಗುರುತೊಂದು ಉಳಿಯುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದು; ಒದ್ದೆಯಿದ್ದಾಗ ಮಾಯವಾದಂತೆ ಕಂಡು, ಆರಿದೊಡನೆ ಮತ್ತೆ ಮೂಡುತ್ತದೆ. ಅಲ್ಲಿ ಅಂಟಿಕೊಂಡದ್ದು ಏನೂ ಇಲ್ಲ, ಕಲ್ಲೇ ಒಂದಿಷ್ಟು ಕರಗಿದೆ. ಕಡಪ, ಶಹಾಬಾದ್, ಅಮೃತಶಿಲೆ ಮೂರರ ಮೈಯೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿಗಳಿಗೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಸುಣ್ಣಕಲ್ಲನ್ನು ನಂಬಿಯೇ. ಹುಳಿ ತಾಗಿದರೆ ಸುಣ್ಣಕಲ್ಲು ತಾಳದು.

ಹಾಗಾದರೆ ಹಿಂದಿನ ಮನೆಗಳಲ್ಲಿ ಹುಣಸೆಹಣ್ಣು, ಮಜ್ಜಿಗೆ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದವು, ಅದೇ ನೆಲದ ಮೇಲೆ ಚೆಲ್ಲುತ್ತಲೂ ಇದ್ದವು. ಆದರೆ ಗಣಿಯಲ್ಲಿ ಪದರಪದರವಾಗಿ ಏಳುವ ಶಹಾಬಾದ್ ಕಲ್ಲನ್ನು ಪಾಲಿಶ್ ಇಲ್ಲದೆಯೂ ಹಾಸುತ್ತಿದ್ದರು. ಆ ಒರಟು ಮೈಯಲ್ಲಿ ಹುಳಿ ತಿಂದ ಜಾಗ ಬೇರೆಯಾಗಿ ಕಾಣುವುದಿಲ್ಲ. ಕಲ್ಲನ್ನು ಕನ್ನಡಿಯಂತೆ ತೀಡಿದ ಮೇಲೆಯೇ ಅದರ ಗಾಯ ಕಣ್ಣಿಗೆ ಬಿದ್ದದ್ದು. ಆ ಗಾಯವನ್ನು ಕೊಳೆ ಎಂದು ತಿಳಿದು ಬಚ್ಚಲಿಗೆ ತಂದ ಆಸಿಡ್ ಸುರಿದರೆ, ನಿಂಬೆಹೋಳಿನಷ್ಟಿದ್ದ ಗುರುತು ಮೊರದಗಲವಾಗುತ್ತದೆ. ನಮ್ಮ ಮನೆಗಳಲ್ಲಿ ಕಲ್ಲು ಹಾಳಾಗುವುದು ಹೆಚ್ಚಾಗಿ ಹೀಗೆ, ಶುಚಿಯ ಹೆಸರಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಧೂಳಿನದೂ ಒಂದು ಪಾಲಿದೆ: ಗಡಸುತನದ ಮೋಸ್ ಮಾಪನದಲ್ಲಿ ಸುಣ್ಣಕಲ್ಲಿನ ಕ್ಯಾಲ್ಸೈಟ್ 3, ಮರಳಿನ ಕ್ವಾರ್ಟ್ಜ್ 7. ಹೊಸ್ತಿಲ ಬಳಿಯ ನೆಲವೇ ಮೊದಲು ಮಂಕಾಗುವುದು ಅದಕ್ಕೇ.

ಗ್ರಾನೈಟ್ ಹಾಕಿಸಿದರೆ ಚಿಂತೆಯಿಲ್ಲ ಎನ್ನುವ ಮಾತು ಮುಕ್ಕಾಲು ಪಾಲು ನಿಜ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್‌ಗಳಿಗೆ ನಿಂಬೆರಸ ಲೆಕ್ಕಕ್ಕಿಲ್ಲ. ಆದರೆ ಅದಕ್ಕೂ ಸಣ್ಣ ರಂಧ್ರಗಳಿವೆ. ತಿಳಿಬಣ್ಣದ ಕಲ್ಲಾದರೆ ಒಲೆಯ ಪಕ್ಕ ಚೆಲ್ಲಿದ ಎಣ್ಣೆ ಒಳಗಿಳಿದು ಕಪ್ಪಗಾಗುತ್ತದೆ. ಒದ್ದೆ ನೆಲದ ಮೇಲಿಟ್ಟ ಸಿಲಿಂಡರ್ ತುಕ್ಕಿನ ಬಳೆ ಬರೆಯುತ್ತದೆ. ಆ ತುಕ್ಕು ತೆಗೆಯುವ ದ್ರಾವಣದಲ್ಲಿ ಹೈಡ್ರೊಫ್ಲೋರಿಕ್ ಆಮ್ಲವಿದ್ದರೆ ಗ್ರಾನೈಟನ್ನೂ ತಿನ್ನುತ್ತದೆ. ಸೀಲರ್ ಬಳಿದರಾಯಿತು ಎನ್ನುವವರಿದ್ದಾರೆ. ಅದು ಎಣ್ಣೆ, ಅರಿಸಿನ ಒಳಗಿಳಿಯುವುದನ್ನು ತಡೆದೀತು, ಸುಣ್ಣಕಲ್ಲಿನ ಮೇಲ್ಮೈಗೆ ಹುಳಿ ತಾಗುವುದನ್ನು ನಿಲ್ಲಿಸಲಾರದು. ಅಂಗಡಿಯವರು ಹೇಳುವ ಹೆಸರಿಗಿಂತ ಕಲ್ಲಿನ ತುಂಡೇ ಹೆಚ್ಚು ನಿಜ ಹೇಳುತ್ತದೆ. ಕಟ್ಟೆಗೆ ಹಾಸುವ ಮೊದಲು ಒಂದು ಚೂರನ್ನು ಕೇಳಿ ತಂದು, ನಿಂಬೆರಸದ ನಾಲ್ಕು ಹನಿ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೊಳೆದು ಒಣಗಿಸಿ, ಓರೆಯಾಗಿ ಬೆಳಕಿಗೆ ಹಿಡಿದು ನೋಡಬೇಕು.