‘ಯಾವುದೇ ಕಾಯಿಲೆ’ ಎಂದರೆ ಯಾವ ಕಾಯಿಲೆ? ವಿಮಾ ಅರ್ಜಿಯ ಇಂಗ್ಲಿಷ್ ಒಗಟು

ಬೆಂಗಳೂರು: ನಗರದ ಪೂರ್ವ ಭಾಗದ ಜೀವನ್ ಬಿಮಾ ನಗರಕ್ಕೆ ಆ ಹೆಸರು ಬಂದದ್ದು ಭಾರತೀಯ ಜೀವ ವಿಮಾ ನಿಗಮದ ವಸತಿ ಬಡಾವಣೆಯಿಂದ. ನಿಗಮ ಸ್ಥಾಪನೆಯಾದದ್ದು 1956ರಲ್ಲಿ. ಅಂದಿನಿಂದ ವಿಮಾ ಪಾಲಿಸಿ ಮನೆಮನೆಯ ಕಪಾಟು ಸೇರಿದೆ. ಆದರೆ ಸಹಿ ಹಾಕುವ ಮುನ್ನ ಇಂಗ್ಲಿಷ್ ಅರ್ಜಿಯನ್ನು ಪೂರ್ತಿ ಓದುವವರು ವಿರಳ.

ಅರ್ಜಿಯ ತೊಡಕು ಇರುವುದು ಕಠಿಣ ಪದಗಳಲ್ಲಲ್ಲ. ‘ಎನಿ’, ‘ಎವರ್’, ‘ಅದರ್’ ಎಂಬ ಸರಳ ಪದಗಳಲ್ಲಿ. ‘ಹಿಂದೆಂದಾದರೂ ಯಾವುದೇ ಕಾಯಿಲೆಗೆ ಚಿಕಿತ್ಸೆ ಪಡೆದಿದ್ದೀರಾ?’ ಎಂಬ ಪ್ರಶ್ನೆಯ ವ್ಯಾಪ್ತಿಗೆ ಬಾಲ್ಯದ ನೆಗಡಿಯೂ ಬರುತ್ತದೆ, ಮಧುಮೇಹವೂ ಬರುತ್ತದೆ. ‘ಇಲ್ಲ’ ಎಂದು ಗುರುತು ಹಾಕಿದವರ ಕುಟುಂಬ ಮುಂದೆ ಪರಿಹಾರ ಕೇಳಿದಾಗ ಅದೇ ಉತ್ತರ ಅಡ್ಡಬರಬಹುದು.

ಹಾಗಾದರೆ ಎಲ್ಲವನ್ನೂ ಹೇಳಬೇಕೆ? ನ್ಯಾಯಾಲಯಗಳ ಅಳತೆಗೋಲು ‘ಮೆಟೀರಿಯಲ್ ಫ್ಯಾಕ್ಟ್’, ಅಂದರೆ ಮಹತ್ವದ ಸಂಗತಿ. ವಿಮೆ ನೀಡಬೇಕೇ, ಕಂತು ಎಷ್ಟು ಎಂಬ ವಿವೇಕಿ ವಿಮಾದಾರನ ತೀರ್ಮಾನದ ಮೇಲೆ ಪ್ರಭಾವ ಬೀರುವ ಸಂಗತಿಯೇ ಮಹತ್ವದ್ದು. 2009ರಲ್ಲಿ ಮಧುಮೇಹ ಹಾಗೂ ಮೂತ್ರಪಿಂಡದ ಕಾಯಿಲೆ ಮುಚ್ಚಿಟ್ಟ ಆರೋಗ್ಯ ವಿಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಮಾ ಕಂಪನಿಯ ನಿರಾಕರಣೆಯನ್ನು ಎತ್ತಿಹಿಡಿಯಿತು. 2015ರಲ್ಲಿ ಬೆನ್ನುನೋವಿನ ತೊಂದರೆ ತಿಳಿಸದೆ, ಹೃದಯಾಘಾತದಿಂದ ಮೃತಪಟ್ಟವರ ಕುಟುಂಬಕ್ಕೆ ಜೀವ ವಿಮೆಯ ಹಣ ನೀಡುವಂತೆ ಅದೇ ನ್ಯಾಯಾಲಯ ಆದೇಶಿಸಿತು. ಪದಕ್ಕೆ ಎರಡು ಅರ್ಥ ಹೊರಡುವುದಾದರೆ, ಅದನ್ನು ಬರೆದ ಕಂಪನಿಗೆ ಪ್ರತಿಕೂಲವಾದ ಅರ್ಥವನ್ನೇ ಸ್ವೀಕರಿಸಬೇಕೆಂಬ ತತ್ವವೂ ಉಂಟು. ಆದರೆ ಈ ರಕ್ಷಣೆ ದೊರೆಯುವುದು ವರ್ಷಗಟ್ಟಲೆ ವ್ಯಾಜ್ಯ ನಡೆಸಿದ ಬಳಿಕ.

ವಿಶಾಲ ಪದಗಳೆಲ್ಲ ಗ್ರಾಹಕರಿಗೆ ಮಾರಕವೇನಲ್ಲ. 1938ರ ವಿಮಾ ಕಾಯ್ದೆಯ 45ನೇ ಕಲಂ 2015ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಪಾಲಿಸಿ ಆರಂಭವಾಗಿ ಮೂರು ವರ್ಷ ಕಳೆದ ಮೇಲೆ ಜೀವ ವಿಮೆಯನ್ನು ‘ಯಾವುದೇ ಕಾರಣಕ್ಕೂ’ ಪ್ರಶ್ನಿಸುವಂತಿಲ್ಲ. ಇಲ್ಲಿ ‘ಎನಿ’ ಎಂಬ ಪದವೇ ಕುಟುಂಬದ ಕಾವಲುಗಾರ. ಪಾಲಿಸಿ ರದ್ದಾಗಿ ಮತ್ತೆ ಚಾಲ್ತಿಗೆ ಬಂದರೆ ಲೆಕ್ಕವೂ ಅಂದಿನಿಂದಲೇ ಶುರು. ಆರೋಗ್ಯ ವಿಮೆಗೆ ನಿಯಮ ಬೇರೆ.

ಗ್ರಾಹಕರು ಮಾಡಬೇಕಾದದ್ದು ಇಷ್ಟೆ: ಏಜೆಂಟರು ತುಂಬಿದ ಅರ್ಜಿಯನ್ನು ಓದಿಸಿಕೊಂಡು ಸಹಿ ಹಾಕುವುದು, ಆಸ್ಪತ್ರೆ ವಾಸ, ಶಸ್ತ್ರಚಿಕಿತ್ಸೆ, ನಿತ್ಯ ಸೇವಿಸುವ ಔಷಧಗಳನ್ನು ನಮೂದಿಸುವುದು, ಸಂದೇಹವಿದ್ದರೆ ‘ಇಲ್ಲ’ ಎನ್ನುವ ಬದಲು ವಿವರ ಬರೆಯುವುದು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಷರತ್ತು ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು ಅವಕಾಶವಿದೆ. ಆ ಅವಧಿಯಲ್ಲಿ ಪಾಲಿಸಿಯ ಜತೆಗೆ ಅರ್ಜಿಯ ಪ್ರತಿಯನ್ನೂ ಒಮ್ಮೆ ಓದುವುದು ಕ್ಷೇಮ.