ಗಾಜಿನ ಅಂಗಿ ತೊಟ್ಟ ಪುಟ್ಟ ವಿಮಾನ

ಗಾಜು ಎಂದೊಡನೆ ನಮಗೆ ನೆನಪಾಗುವುದು ಕಿಟಕಿ, ಕನ್ನಡಿ, ಕೈಜಾರಿ ನೂರು ಚೂರಾಗುವ ಲೋಟ. ಅದೇ ಗಾಜನ್ನು ಕರಗಿಸಿ, ಕೂದಲಿಗಿಂತಲೂ ಸಣ್ಣ ಎಳೆಯಾಗಿ ಸೆಳೆದು, ಬಟ್ಟೆಯಾಗಿ ನೇಯಬಹುದೆಂದರೆ ಅಚ್ಚರಿಯಲ್ಲವೇ? ಈ ಬಟ್ಟೆಯನ್ನು ಅಂಗಿಯಾಗಿ ತೊಡುವ ಭಾಗ್ಯ ಹವ್ಯಾಸಿಗಳು ಕಟ್ಟಿ ಹಾರಿಸುವ ಮಾದರಿ ವಿಮಾನಗಳಿಗೆ ಲಭಿಸಿದೆ.

ಈ ವಿಮಾನಗಳ ಮೈ ಬಾಲ್ಸಾ ಮರದ್ದು. ಎನ್.ಸಿ.ಸಿ. ವಾಯುವಿಭಾಗದಲ್ಲಿ ಮಾದರಿ ಕಟ್ಟಿದ ತರುಣರು ಇದನ್ನು ಚೆನ್ನಾಗಿ ಬಲ್ಲರು. ಹೆಚ್ಚಾಗಿ ಈಕ್ವೆಡಾರ್ ದೇಶದಿಂದ ಬರುವ ಈ ಮರದ ತೂಕ ತೇಗದ ಸುಮಾರು ಕಾಲುಭಾಗ ಮಾತ್ರ. ಸ್ಪ್ಯಾನಿಷ್ ಭಾಷೆಯಲ್ಲಿ ‘ಬಾಲ್ಸಾ’ ಎಂದರೆ ತೆಪ್ಪ. 1947ರಲ್ಲಿ ನಾರ್ವೆಯ ಥೋರ್ ಹೆಯರ್ಡಾಲ್ ಐವರು ಸಂಗಡಿಗರೊಡನೆ ಪೆರುವಿನಿಂದ ಹೊರಟು, 101 ದಿನ ಪೆಸಿಫಿಕ್ ಸಾಗರವನ್ನು ದಾಟಿದ ‘ಕಾನ್-ಟಿಕಿ’ ತೆಪ್ಪವೂ ಈ ಮರದ್ದೇ. ಆದರೆ ಬಾಲ್ಸಾ ಬಲು ಮೆದು. ಉಗುರು ತಾಗಿದರೆ ಗುಳಿ ಬೀಳುತ್ತದೆ; ಇಂಜಿನ್ನಿನ ಎಣ್ಣೆ ಸಿಡಿದರೆ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ದುಡಿದು ಕಟ್ಟಿದ ವಿಮಾನ ನಾಲ್ಕಾರು ಹಾರಾಟಗಳಲ್ಲೇ ಮುದಿಯಾಗಬಾರದೆಂದರೆ ಅದಕ್ಕೊಂದು ಕವಚ ಬೇಕು. ಗಾಜಿನ ಬಟ್ಟೆ ಮತ್ತು ಎಪಾಕ್ಸಿ ಅಂಟು ಸೇರಿ ಆ ಕವಚವಾಗುತ್ತವೆ.

ಬಿಳಿಯ ಬಟ್ಟೆ ಹೊದಿಸಿದರೆ ಮರದ ಚೆಲುವು ಮರೆಯಾಗದೇ? ಆಗದು! ಕಾಗದಕ್ಕೆ ಎಣ್ಣೆ ತಾಗಿದ ಕಡೆ ಬೆಳಕು ಹಾಯುವುದನ್ನು ಎಲ್ಲರೂ ಕಂಡಿದ್ದೇವೆ. ಇಲ್ಲಿಯೂ ಅದೇ ತತ್ತ್ವ. ಗಾಜಿನ ಎಳೆಗಳ ನಡುವೆ ಗಾಳಿಯಿರುವಾಗ ಬೆಳಕು ಚದರಿ ಬಟ್ಟೆ ಬೆಳ್ಳಗೆ ಕಾಣುತ್ತದೆ. ಗಾಜೂ ಎಪಾಕ್ಸಿಯೂ ಬೆಳಕನ್ನು ಬಾಗಿಸುವ ಪರಿಮಾಣ ಹೆಚ್ಚುಕಡಮೆ ಒಂದೇ. ಆದುದರಿಂದ ಅಂಟು ಗಾಳಿಯ ಸ್ಥಾನವನ್ನು ತುಂಬಿದೊಡನೆ ಬಟ್ಟೆ ಮಾಯವಾಗಿ, ಮರದ ಎಳೆಗಳು ಎದ್ದು ಕಾಣುತ್ತವೆ.

ಈಗ ಮಾಡುವ ಕ್ರಮವನ್ನು ನೋಡೋಣ. ಮೊದಲು ನಯವಾದ ಉಪ್ಪುಕಾಗದದಿಂದ ಮರವನ್ನು ಉಜ್ಜಿ, ಧೂಳನ್ನು ಪೂರ್ತಿ ತೆಗೆಯಬೇಕು. ಪೆನ್ಸಿಲ್ ಗೀಟು, ಅಂಟಿನ ಕಲೆ ಒಂದೂ ಉಳಿಯಕೂಡದು. ಬಣ್ಣ ಬಳಿದರೆ ಇವೆಲ್ಲ ಮುಚ್ಚಿಹೋದಾವು. ಪಾರದರ್ಶಕ ಲೇಪದಡಿಯಲ್ಲಿ ವಿಮಾನವಿರುವಷ್ಟು ಕಾಲವೂ ಕಾಣುತ್ತಿರುತ್ತವೆ. ಬಳಿಕ ಚದರ ಮೀಟರಿಗೆ ಸುಮಾರು 25 ಗ್ರಾಂ ತೂಗುವ ತೆಳುಬಟ್ಟೆಯನ್ನು ರೆಕ್ಕೆಯ ಮೇಲೆ ಹಾಸಿ, ಮೃದುವಾದ ಕುಂಚದಿಂದ ಸುಕ್ಕು ತೆಗೆಯಬೇಕು. ಎಪಾಕ್ಸಿಗೆ ಅದರ ಹಾರ್ಡನರನ್ನು ತಯಾರಕರು ಹೇಳಿದ ಪ್ರಮಾಣದಲ್ಲೇ ಬೆರೆಸತಕ್ಕದ್ದು. ಇದು ಬಣ್ಣದಂತೆ ಆರಿ ಗಟ್ಟಿಯಾಗುವುದಲ್ಲ. ರಾಸಾಯನಿಕ ಕ್ರಿಯೆಯಿಂದ ಬಿಸಿಯೇರಿ ಗಟ್ಟಿಯಾಗುತ್ತದೆ. ಬಟ್ಟಲು ತುಂಬ ಬೆರೆಸಿಟ್ಟರೆ ಹೊಗೆಯಾಡುವುದೂ ಉಂಟು. ಆದಕಾರಣ ಸ್ವಲ್ಪಸ್ವಲ್ಪವಾಗಿ ಬೆರೆಸುವುದೇ ಜಾಣತನ.

ಅಂಟನ್ನು ರೆಕ್ಕೆಯ ನಡುವೆ ಸುರಿದು, ಹಳೆಯ ಪ್ಲಾಸ್ಟಿಕ್ ಕಾರ್ಡಿನಂಚಿನಿಂದ ಹೊರಗಡೆಗೆ ಹರಡಬೇಕು. ಈ ಕಲೆಯ ಗುಟ್ಟು ಇಲ್ಲಿದೆ: ಅಂಟು ಹಚ್ಚುವುದಕ್ಕಿಂತ ತೆಗೆಯುವುದೇ ಮುಖ್ಯ. ರೆಕ್ಕೆಯ ಎರಡೂ ಮೈ ಸೇರಿ ಅರ್ಧ ಚದರ ಮೀಟರ್ ಇದೆಯೆನ್ನಿ. ಬಟ್ಟೆಯ ತೂಕ 12 ಗ್ರಾಂ ಚಿಲ್ಲರೆ. ಅಷ್ಟೇ ತೂಕದ ಅಂಟಿನಲ್ಲಿ ಕೆಲಸ ಮುಗಿದರೆ ಒಟ್ಟು 25 ಗ್ರಾಂ. ಇನ್ನೂ ಹೊಳೆಯಲಿ ಎಂಬ ಆಸೆಯಿಂದ ನಾಲ್ಕು ಪಟ್ಟು ಅಂಟು ಉಳಿಸಿದರೆ 62 ಗ್ರಾಂ ದಾಟಿತು. ಆ ಹೊರೆಯನ್ನು ಪ್ರತಿ ಹಾರಾಟದಲ್ಲಿಯೂ ಪಾಪ, ಆ ಪುಟ್ಟ ರೆಕ್ಕೆಯೇ ಹೊರಬೇಕು. ಭಾರವಾದ ವಿಮಾನ ಹೆಚ್ಚು ವೇಗದಲ್ಲಿ ಇಳಿಯುತ್ತದೆ. ನೆಲಕ್ಕೆ ಬಿದ್ದರೆ ಪೆಟ್ಟೂ ಜೋರು. ಕಾಪಾಡಲೆಂದು ತೊಡಿಸಿದ ಕವಚವೇ ಕಂಟಕವಾಗುವುದು ಹೀಗೆ.

ಗಟ್ಟಿಯಾದ ಮೇಲೆ ಅಂಚಿನ ಹೆಚ್ಚುವರಿ ಬಟ್ಟೆಯನ್ನು ಉಪ್ಪುಕಾಗದದಿಂದ ಉಜ್ಜಿ ಬಿಡಿಸಿ, ನೇಯ್ಗೆಯ ಕಣ್ಣು ತುಂಬುವಷ್ಟು ಮಾತ್ರ ಇನ್ನೊಂದು ತೆಳುಲೇಪ ಕೊಡಬೇಕು. ಮಳೆಗಾಲದ ತೇವದಲ್ಲಿ ಕೆಲವು ಎಪಾಕ್ಸಿಗಳ ಮೇಲೆ ಜಿಡ್ಡಿನಂಥ ಪೊರೆ ಮೂಡುವುದುಂಟು. ಉಜ್ಜುವ ಮೊದಲು ಅದನ್ನು ನೀರಿನಿಂದ ತೊಳೆಯಬೇಕು. ಬಿಸಿಲಿಗೆ ಎಪಾಕ್ಸಿ ಹಳದಿಯಾಗುವುದರಿಂದ, ನೇರಳಾತೀತ ಕಿರಣಗಳನ್ನು ತಡೆಯುವ ವಾರ್ನಿಷನ್ನು ಕೊನೆಗೆ ತೆಳುವಾಗಿ ಬಳಿಯುವುದು ಮೇಲು.

ಹಿರಿಯರು ಗಮನಿಸಬೇಕಾದ ಮಾತೊಂದಿದೆ. ಗಟ್ಟಿಯಾಗದ ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಅದು ಜೀವನಪರ್ಯಂತ ಕಾಡೀತು. ಕೈಗವಸು ತೊಟ್ಟು, ಗಾಳಿಯಾಡುವ ಕಡೆ ಕೆಲಸ ಮಾಡಬೇಕು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗದಂತೆ ಮುಖವಾಡ ಧರಿಸಬೇಕು. ಅಡಿಗೆಯ ಪಾತ್ರೆಗಳನ್ನು ಇದಕ್ಕೆ ಮುಟ್ಟಲೇಬಾರದು. ಮಕ್ಕಳು ಮರ ಕಟ್ಟಲಿ. ಅಂಟಿನ ಕೆಲಸ ದೊಡ್ಡವರದಾಗಿರಲಿ.

ಇಷ್ಟು ಎಚ್ಚರ ವಹಿಸಿದವರ ವಿಮಾನ ಹಗುರವಾಗಿಯೂ ಗಟ್ಟಿಯಾಗಿಯೂ ಇದ್ದು ಬಹುಕಾಲ ಹಾರುತ್ತದೆ. ಹಾರಾಟ ಮುಗಿದು ಕಪಾಟಿನ ಮೇಲೆ ಕುಳಿತಾಗ, ಕಟ್ಟಿದವರ ಕೈಗೆಲಸ ಎಷ್ಟು ಅಚ್ಚುಕಟ್ಟೆಂಬುದನ್ನು ಬಂದವರಿಗೆಲ್ಲ ತಾನೇ ತೋರಿಸುತ್ತದೆ.