ಮನೆ ನೋಡಲು ಬರುವವರು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಇದ್ದ ಮನೆಯನ್ನು ಮಾರುವ ಪ್ರಸಂಗ ಅಪರೂಪವಾಗಿದ್ದಿರಬೇಕು. ಇಲ್ಲವಾದರೆ ನಮ್ಮ ಹಿರಿಯರು “ಮನೆ ಮಾರಿ ನೋಡು” ಎಂಬ ಮೂರನೆಯ ಮಾತನ್ನೂ ಅದಕ್ಕೆ ಸೇರಿಸದೆ ಬಿಡುತ್ತಿರಲಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ನಮ್ಮ ಬಾಂಧವರಿಗೆ ಈ ಮೂರನೆಯ ಅನುಭವವು ಈಗ ಸಾಮಾನ್ಯವಾಗಿದೆ. ಹೋಟೆಲಿನ ಗಲ್ಲಾದಲ್ಲಿಯೋ, ಬ್ಯಾಂಕಿನ ಮೇಜಿನಲ್ಲಿಯೋ, ಕಾರಖಾನೆಯ ಪಾಳಿಯಲ್ಲಿಯೋ ದುಡಿದು ಎರಡು ಕೋಣೆಯ ಮನೆಯನ್ನು ಕೊಂಡವರು ಈಗ ನಿವೃತ್ತರಾಗಿ ಊರಿಗೆ ಮರಳುತ್ತಾರೆ, ಇಲ್ಲವೆ ಮಕ್ಕಳಿರುವಲ್ಲಿಗೆ ತೆರಳುತ್ತಾರೆ. ಅಂಥವರ ಜೀವಮಾನದ ಗಳಿಕೆಯೆಲ್ಲ ಹೆಚ್ಚಾಗಿ ಆ ಒಂದು ಮನೆಯಲ್ಲಿಯೇ ಅಡಗಿರುತ್ತದೆ. ಆದುದರಿಂದ ಅದನ್ನು ನೋಡಲು ಜನರು ಬರತೊಡಗಿದಾಗ ಏನನ್ನು ನಿರೀಕ್ಷಿಸಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮುಂಚಿತವಾಗಿ ವಿಚಾರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಹತ್ತು ನಿಮಿಷಗಳ ಭೇಟಿ

ದಲಾಲರು ಗಿರಾಕಿಗಳನ್ನು ಕರೆತರುವುದು ಬಹುತೇಕ ರವಿವಾರದಂದೇ. ವಾರದ ಉಳಿದ ದಿನಗಳು ಲೋಕಲ್ ಗಾಡಿಗೆ ಮೀಸಲಾಗಿರುವ ಈ ಪಟ್ಟಣಗಳಲ್ಲಿ ಇದು ಸಹಜವೇ. ಹೀಗೆ ಬರುವವರನ್ನು ಕಂಡಾಗ ನಮ್ಮ ಗೃಹಿಣಿಯರಿಗೆ ಹೆಣ್ಣು ನೋಡುವ ಶಾಸ್ತ್ರದ ನೆನಪಾಗುವುದುಂಟು. ಆದರೆ ಅಲ್ಲಿ ಉಪ್ಪಿಟ್ಟು, ಕಾಫಿಗಳಿಗಾದರೂ ಅವಕಾಶವಿರುತ್ತದೆ. ಇಲ್ಲಿ ಬಂದವರು ಕುಳಿತುಕೊಳ್ಳುವುದೂ ಇಲ್ಲ. ಬಚ್ಚಲಿನ ನಲ್ಲಿಯನ್ನು ತಿರುಗಿಸುತ್ತಾರೆ, ಅಡಿಗೆಮನೆಯ ಕಟ್ಟೆಯ ಕೆಳಗೆ ಬಗ್ಗಿ ನೋಡುತ್ತಾರೆ, ಕಿಟಕಿ ತೆರೆದು ಗಾಳಿಯನ್ನು ಪರೀಕ್ಷಿಸುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆಯೆಂದು ಕೇಳುತ್ತಾರೆ. ದೇವರ ಮನೆಯ ಮುಂದೆಯೇ ನಿಂತು “ಈ ಗೋಡೆಯನ್ನು ಒಡೆಯಬಹುದು” ಎಂದು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುತ್ತಾರೆ. ಹತ್ತು ನಿಮಿಷಗಳಲ್ಲಿ ಹೊರಟೂ ಹೋಗುತ್ತಾರೆ.

ಇದರಿಂದ ಮನಸ್ಸು ನೋಯಿಸಿಕೊಳ್ಳಲು ಕಾರಣವಿಲ್ಲ. ಬಂದವರು ತೂಗುವುದು ಮನೆಯನ್ನೇ ಹೊರತು ಮನೆಯವರನ್ನಲ್ಲ. ನಾವು ಅದೇ ಮನೆಯನ್ನು ಕೊಳ್ಳಲು ಹೋದಾಗ ಹೀಗೆಯೇ ನೋಡಿದ್ದೆವೆಂಬುದನ್ನು ಸ್ಮರಿಸಿದರೆ ಸಾಕು. ಬಂದವರಲ್ಲಿ ಹೆಚ್ಚಿನವರು ಮತ್ತೆ ಬರುವುದಿಲ್ಲ. ಕೆಲವರು ದರವನ್ನು ತಿಳಿಯಲು ಮಾತ್ರ ಬಂದವರು, ಕೆಲವರು ಮೇಲಿನ ಮಹಡಿಯ ಮನೆಯನ್ನು ಮಾರುವವರ ನೆಂಟರು. ಎರಡನೆಯ ಸಲ ತಂದೆತಾಯಿಗಳನ್ನು ಕರೆದುಕೊಂಡು ಬರುವವನೂ, ಮೂರನೆಯ ಸಲ ಮೇಸ್ತ್ರಿಯೊಡನೆ ಅಳತೆಯ ಟೇಪು ಹಿಡಿದು ಬರುವವನೂ ನಿಜವಾದ ಗಿರಾಕಿ ಎನ್ನಬಹುದು. ಅವನ ಮುಂದೆ “ಕಾರ್ಪೆಟ್”, “ಬಿಲ್ಟ್ ಅಪ್” ಎಂದು ತಡವರಿಸದೆ ನೋಂದಾಯಿತ ಕರಾರುಪತ್ರದಲ್ಲಿರುವ ಅಳತೆಯನ್ನೇ ಹೇಳಬೇಕು.

ಊರಿಗೊಂದು ಪ್ರಶ್ನೆ

ಕೇಳುವ ಪ್ರಶ್ನೆಗಳಲ್ಲಿ ಕೆಲವು ಎಲ್ಲೆಡೆಗೂ ಸಮಾನ: ಸ್ಟೇಶನ್ನಿಗೆ ಎಷ್ಟು ನಿಮಿಷದ ನಡಿಗೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಸೊಸಾಯಿಟಿಯ ತಿಂಗಳ ವಂತಿಗೆ ಎಷ್ಟು, ವಾಹನ ನಿಲ್ಲಿಸಲು ಸ್ಥಳವಿದೆಯೇ ಇತ್ಯಾದಿ. ಉಳಿದವುಗಳಿಗೆ ಆಯಾ ಊರಿನ ಇತಿಹಾಸವೇ ಮೂಲ.

ಡೊಂಬಿವಲಿ, ಕಲ್ಯಾಣಗಳಲ್ಲಿ ಗಿರಾಕಿಯು ಗೋಡೆಗಿಂತ ಮೊದಲು ಕಾಗದಪತ್ರಗಳನ್ನು ಕೇಳಿದರೆ ಆಶ್ಚರ್ಯಪಡಬೇಕಾದುದಿಲ್ಲ. ಅಲ್ಲಿಯ ಮಹಾನಗರಪಾಲಿಕೆಯ ಮೇರೆಯೊಳಗೆ 65 ಕಟ್ಟಡಗಳು ನಕಲಿ ಅನುಮತಿಪತ್ರಗಳ ಆಧಾರದ ಮೇಲೆ ಮಹಾರೇರಾದ ನೋಂದಣಿಯನ್ನು ಪಡೆದಿದ್ದ ಸಂಗತಿ 2022ರಲ್ಲಿ ಬಯಲಾಯಿತು. 2024ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅವುಗಳನ್ನು ಕೆಡಹುವಂತೆ ಆದೇಶವಿತ್ತಿತು. ನಂಬಿ ಕೊಂಡವರ ಸಂಕಟವನ್ನು ಪತ್ರಿಕೆಗಳಲ್ಲಿ ಓದಿದವನು ಎಚ್ಚರದಿಂದಿರುವುದು ಸ್ವಾಭಾವಿಕ. ಪಾಲಿಕೆಯ ಅನುಮತಿ ಮತ್ತು ವಾಸಯೋಗ್ಯತೆಯ ಪ್ರಮಾಣಪತ್ರಗಳ ಪ್ರತಿಗಳನ್ನು ಮೊದಲೇ ಸಿದ್ಧವಾಗಿಟ್ಟವನ ಕೆಲಸ ಅರ್ಧ ಮುಗಿದಂತೆಯೇ. ಕಲ್ಯಾಣದ ತಗ್ಗಿನ ಭಾಗಗಳಲ್ಲಿಯಾದರೆ “2005ರ ಜುಲೈ 26ರಂದು ನೀರು ಎಲ್ಲಿಯವರೆಗೆ ಬಂದಿತ್ತು?” ಎಂಬ ಪ್ರಶ್ನೆ ಇಂದಿಗೂ ಬರುತ್ತದೆ.

ಠಾಣೆಯಲ್ಲಿ ಕಟ್ಟಡದ ವಯಸ್ಸೇ ಮುಖ್ಯ ವಿಷಯ. 2013ರ ಏಪ್ರಿಲ್ 4ರಂದು ಮುಂಬ್ರಾದ ಸಮೀಪ ಶೀಳ ಫಾಟಾದಲ್ಲಿ ಅನಧಿಕೃತ ಕಟ್ಟಡವೊಂದು ಕುಸಿದು 74 ಮಂದಿ ಮಡಿದುದನ್ನು ಈ ಭಾಗದ ಜನರು ಮರೆತಿಲ್ಲ. ಸಹಕಾರಿ ಗೃಹ ಸಂಘಗಳ ಮಾದರಿ ಉಪನಿಯಮಗಳ ಪ್ರಕಾರ 15ರಿಂದ 30 ವರ್ಷಗಳ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ 3 ವರ್ಷಕ್ಕೊಮ್ಮೆ ದೃಢತೆಯ ತಪಾಸಣೆ ನಡೆಯಬೇಕು. ಅದರ ವರದಿಯನ್ನು ಕಾರ್ಯದರ್ಶಿಗಳಿಂದ ಕೇಳಿ ಪಡೆದಿಟ್ಟುಕೊಳ್ಳುವುದು ಲೇಸು. ಹಳೆಯ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವ ಮಾತುಕತೆ ನಡೆದಿದ್ದರೆ ನಿರ್ಣಯವಾದಷ್ಟನ್ನೇ ಹೇಳಬೇಕು. ಆಸೆಯನ್ನು ನಿರ್ಣಯವೆಂಬಂತೆ ಹೇಳಬಾರದು.

ನವಿ ಮುಂಬಯಿಯ ಸ್ಥಿತಿ ಬೇರೆ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ಅಲ್ಲಿಯ ನೆಲವನ್ನು ಮಾರದೆ ಗುತ್ತಿಗೆಯ ಮೇಲೆ ಕೊಡುತ್ತ ಬಂದಿತು. ಆದುದರಿಂದ ವಾಶಿ, ನೆರೂಲ್‌ಗಳ ಮನೆ ಕೊಳ್ಳುವವನು ಗುತ್ತಿಗೆಯ ಉಳಿದ ಅವಧಿಯನ್ನೂ, ವರ್ಗಾವಣೆಗೆ ಸಿಡ್ಕೊದಲ್ಲಿ ತೆರಬೇಕಾದ ಹಣವನ್ನೂ ಕೇಳಿಯೇ ಕೇಳುತ್ತಾನೆ. ಈ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ನೆರೆಮನೆಯವರು ಹಿಂದೆ ಎಷ್ಟು ಕೊಟ್ಟರೆಂಬುದನ್ನು ನೆಚ್ಚದೆ ಕಛೇರಿಯಲ್ಲಿಯೇ ವಿಚಾರಿಸಿಕೊಂಡಿರಬೇಕು.

ಹೇಳಬೇಕಾದುದು, ಹೇಳಬಾರದುದು

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆ ಉಳಿಯುತ್ತದೆ. ಮಳೆಗಾಲದಲ್ಲಿ ಮಲಗುವ ಕೋಣೆಯ ಗೋಡೆ ಸೋರುತ್ತದೆಯೆನ್ನೋಣ. ಮಾರ್ಚ್ ತಿಂಗಳಿನಲ್ಲಿ ಬಣ್ಣ ಬಳಿಸಿದರೆ ಅದು ಕಾಣಿಸದು. “ಕೇಳಿದರೆ ಹೇಳಿದರಾಯಿತು” ಎಂದು ಉಪದೇಶಿಸುವ ಹಿತೈಷಿಗಳು ಕಡಿಮೆಯಿಲ್ಲ. ಆದರೆ 1882ರ ಸ್ವತ್ತು ಹಸ್ತಾಂತರ ಕಾಯಿದೆಯ 55ನೆಯ ಕಲಮು ಈ ಉಪದೇಶವನ್ನು ಒಪ್ಪುವುದಿಲ್ಲ. ಮಾರುವವನಿಗೆ ತಿಳಿದಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾರದ ಮಹತ್ವದ ದೋಷವು ಸ್ವತ್ತಿನಲ್ಲಿಯಾಗಲಿ ಹಕ್ಕಿನಲ್ಲಿಯಾಗಲಿ ಇದ್ದರೆ ಅದನ್ನು ತಿಳಿಸುವುದು ಮಾರುವವನ ಕರ್ತವ್ಯವೆಂದೂ, ತಿಳಿಸದಿರುವುದು ವಂಚನೆಯೆಂದೂ ಅದು ಸಾರುತ್ತದೆ. ಸೋರಿಕೆ, ಸೊಸಾಯಿಟಿಯ ಬಾಕಿ, ಬ್ಯಾಂಕಿನ ಸಾಲ, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ, ಇವನ್ನೆಲ್ಲ ದರದ ಮಾತಿಗೆ ಮೊದಲೇ ಹೇಳಿಬಿಡುವುದು ಕ್ಷೇಮ. ಮೊದಲೇ ಹೇಳಿದ ದೋಷಕ್ಕೆ ಬೆಲೆ ಸ್ವಲ್ಪ ಇಳಿದೀತು. ಕೊನೆಗೆ ಹೊರಬಿದ್ದ ದೋಷಕ್ಕೆ ವ್ಯವಹಾರವೇ ಮುರಿದೀತು.

ಇದಕ್ಕೆ ವಿರುದ್ಧವಾದ ದೌರ್ಬಲ್ಯವೊಂದೂ ನಮ್ಮಲ್ಲಿದೆ. ನಮ್ಮವರು ಸಂಕೋಚದ ಸ್ವಭಾವದವರು; ಬಂದವರು ಒಂದು ಒಳ್ಳೆಯ ಮಾತನಾಡಿದೊಡನೆ ಕರಗಿಬಿಡುತ್ತಾರೆ. “ಯಾಕೆ ಮಾರುತ್ತಿದ್ದೀರಿ?” ಎಂದು ಗಿರಾಕಿ ಸಹಜವಾಗಿ ಕೇಳಿದರೆ, ಮಗಳ ಮದುವೆ ಮೇ ತಿಂಗಳಿನಲ್ಲಿದೆ, ಊರಿನ ಮನೆಯ ಮಾಡಿಗೆ ಹಣ ಸಾಲದು, ಯಜಮಾನರ ಆರೋಗ್ಯ ಸರಿಯಿಲ್ಲ ಎಂದು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಗಿರಾಕಿ ಸಹಾನುಭೂತಿಯನ್ನು ತೋರಿಸುತ್ತಾನೆ. ಮರುದಿನ ದಲಾಲನ ಮೂಲಕ ಬೆಲೆಯನ್ನು ಇಳಿಸಿ ಹೇಳಿ ಕಳುಹಿಸುತ್ತಾನೆ. ಅವನನ್ನು ದೂಷಿಸಿ ಫಲವಿಲ್ಲ, ಅವನದೂ ದುಡಿದ ಹಣವೇ. “ಊರಿನ ಕಡೆ ನೆಲೆಸಬೇಕೆಂದಿದ್ದೇವೆ, ಅವಸರವೇನೂ ಇಲ್ಲ” ಎಂಬಷ್ಟೇ ಉತ್ತರ ಸಾಕು. ಮನೆಯ ವಿಷಯದಲ್ಲಿ ಸತ್ಯ, ಮನದ ವಿಷಯದಲ್ಲಿ ಮೌನ: ಇದೇ ನಮ್ಮ ಸಲಹೆಯ ಸಾರ. ದರದ ಮಾತನ್ನು ಮನೆಯಲ್ಲಿ ಒಬ್ಬರೇ ಆಡಬೇಕು; ಪತಿ ಒಂದು, ಪತ್ನಿ ಇನ್ನೊಂದು ಅಂಕೆ ಹೇಳಿದರೆ ಕಡಿಮೆಯದೇ ನಿಲ್ಲುತ್ತದೆ.

ಕೆಲವು ಎಚ್ಚರಿಕೆಗಳು

ವೃದ್ಧರೋ ಸ್ತ್ರೀಯರೋ ಒಬ್ಬರೇ ಇರುವ ಹೊತ್ತಿನಲ್ಲಿ ಅಪರಿಚಿತರಿಗೆ ಮನೆ ತೋರಿಸಬಾರದು. ಬರುವವರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ದಲಾಲನಿಂದ ಮೊದಲೇ ಪಡೆಯಬೇಕು. ಒಡವೆ, ಪಾಸ್‌ಬುಕ್ಕುಗಳು ಬೀಗದಲ್ಲಿರಲಿ. ಛಾಯಾಚಿತ್ರ ತೆಗೆಯುವವರು ಅನುಮತಿ ಕೇಳಿಯೇ ತೆಗೆಯಲಿ. ಷೇರು ಸರ್ಟಿಫಿಕೇಟು, ಕರಾರುಪತ್ರ, ಮನೆಪಟ್ಟಿಯ ರಸೀದಿ, ಇವುಗಳ ನಕಲನ್ನು ತೋರಿಸಬಹುದು. ಮೂಲಪ್ರತಿಯನ್ನು ಯಾರ ಕೈಗೂ ಕೊಟ್ಟು ಕಳುಹಿಸಬಾರದು. ದಲಾಲಿಯು ಶೇಕಡಾ ಎಷ್ಟು ಎಂಬುದನ್ನು ಮೊದಲ ಗಿರಾಕಿ ಮೆಟ್ಟಿಲು ಹತ್ತುವ ಮುಂಚೆಯೇ ಬರವಣಿಗೆಯಲ್ಲಿ ನಿಶ್ಚಯಿಸಬೇಕು.

ಒಪ್ಪಿಗೆಯಾದೊಡನೆ “ಟೋಕನ್” ಎಂದು ನೋಟಿನ ಕಟ್ಟನ್ನು ಮೇಜಿನ ಮೇಲಿಡುವ ಗಿರಾಕಿಗಳುಂಟು. ಸ್ಥಿರಸ್ವತ್ತಿನ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯಕರದ ಕಾನೂನು 2015ರಿಂದ ನಿಷೇಧಿಸಿದೆ; ಪಡೆದವನೇ ದಂಡಕ್ಕೆ ಗುರಿಯಾಗುತ್ತಾನೆ. ಚೆಕ್ಕಿನ ಮೂಲಕವೋ ಬ್ಯಾಂಕಿನ ಮೂಲಕವೋ ಪಡೆದು, ವ್ಯವಹಾರ ಮುರಿದರೆ ಏನು ಮಾಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಬೆಲೆ 50 ಲಕ್ಷ ಅಥವಾ ಹೆಚ್ಚಾಗಿದ್ದರೆ ಕೊಳ್ಳುವವನು ಶೇಕಡಾ 1ನ್ನು ತೆರಿಗೆಯಾಗಿ ಹಿಡಿದು ಸರಕಾರಕ್ಕೆ ಕಟ್ಟುತ್ತಾನೆ. ಅದು ಅವನ ಚೌಕಾಶಿಯಲ್ಲ, 2013ರಿಂದ ಬಂದ ನಿಯಮ. ಅಂತೆಯೇ ಮಹಾನಗರಪಾಲಿಕೆಗಳ ಪ್ರದೇಶದಲ್ಲಿಯೂ ಸೊಸಾಯಿಟಿಯು ವರ್ಗಾವಣೆಯ ಪ್ರೀಮಿಯಮ್ಮೆಂದು 25,000 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲವೆಂದು ರಾಜ್ಯ ಸರಕಾರವು 2001ರಲ್ಲಿ ವಿಧಿಸಿದ ಮಿತಿಯನ್ನು ಉಭಯರೂ ತಿಳಿದಿರುವುದು ಒಳ್ಳೆಯದು.

ಕೊನೆಯದಾಗಿ ಒಂದು ಮಾತು. ಮನೆಯನ್ನು ಮಾರಿ ಹೊರಟವರು ಉಡುಪಿಗೋ ಧಾರವಾಡಕ್ಕೋ ತೆರಳಬಹುದು; ಆದರೆ ಅದೇ ಕಟ್ಟಡದಲ್ಲಿ, ಅದೇ ಬೀದಿಯಲ್ಲಿ ನಮ್ಮವರು ಇನ್ನೂ ಹಲವರು ಉಳಿದಿರುತ್ತಾರೆ. ಮನೆ ಕೊಂಡವನು ಅವರ ನೆರೆಯವನಾಗುತ್ತಾನೆ. ಬಾಗಿಲಿಗೆ ಬಂದವನನ್ನು “ಯಾ, ಬಸಾ” ಎಂದು ಅವನ ಭಾಷೆಯಲ್ಲಿ ಆದರಿಸಿ, ಸೋರುವ ಗೋಡೆಯನ್ನು ತಾವಾಗಿಯೇ ತೋರಿಸಿ, ನೀರಿನ ಸಮಯವನ್ನು ಸರಿಯಾಗಿ ತಿಳಿಸಿ ಹೋದವರ ನೆನಪು ಆ ಕಟ್ಟಡದಲ್ಲಿ ಬಹುಕಾಲ ಉಳಿಯುತ್ತದೆ. ಹಿಂದೆ ಉಳಿದ ನಮ್ಮವರಿಗೂ ಅದರಿಂದ ಉಪಕಾರವಿದೆ.